ಮಗಳು ಯಾವಾಗ ದೊಡ್ಡವಳಾಗುತ್ತಾಳೆ? ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ವಿಜ್ಞಾನ ಹೇಳಿಕೊಟ್ಟವಳು. ಪೋಷಕರ ಸಭೆಯಲ್ಲಿ ಎಲ್ಲರ ಎದುರು ಮಾರ್ಕ್ಸ್ ಬಗ್ಗೆ ಕೇಳುವ ಅಮ್ಮಂದಿರು, ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳುವುದೇ ಬೇರೆ. "ಮಿಸ್, ಇವಳಿಗೆ ಇನ್ನೂ ಹತ್ತು ತುಂಬಿಲ್ಲ..." ಅಲ್ಲಿಗೆ ಮಾತು ನಿಲ್ಲುತ್ತದೆ. ಉಳಿದದ್ದು ನಾನೇ ಅರ್ಥ ಮಾಡಿಕೊಳ್ಳಬೇಕು. ಹಾಗೆ ಅರ್ಧಕ್ಕೆ ನಿಂತ ಪ್ರಶ್ನೆಗಳನ್ನು ಪೂರ್ತಿ ಮಾಡಿ ಇಲ್ಲಿ ಬರೆದಿದ್ದೇನೆ. ಉತ್ತರಗಳು ನಾನು ಓದಿದ್ದು ಮತ್ತು ಮಕ್ಕಳ ಡಾಕ್ಟರರನ್ನು ಕೇಳಿ ತಿಳಿದದ್ದು.

ಹುಡುಗಿಯರು ಸಾಮಾನ್ಯವಾಗಿ ಯಾವ ವಯಸ್ಸಿಗೆ ಮೈನೆರೆಯುತ್ತಾರೆ?

10ರಿಂದ 15ರ ಒಳಗೆ ಯಾವಾಗ ಬೇಕಾದರೂ ಆಗಬಹುದು. ಒಂದೇ ತರಗತಿಯಲ್ಲಿ, ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಹುಡುಗಿಯರಿಗೆ ಮೂರು ವರ್ಷ ಹಿಂದೆ ಮುಂದೆ ಆದರೂ ಇಬ್ಬರೂ ಸರಿಯಾಗಿಯೇ ಇರಬಹುದು.

ನಮ್ಮ ದೇಶದ ಲೆಕ್ಕ ಬೇಕೆಂದರೆ, 2005ರಲ್ಲಿ ನಡೆದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಅಂಕಿಗಳಿಂದ ತೆಗೆದ ಸರಾಸರಿ 13 ಮುಕ್ಕಾಲು ವರ್ಷ. ಅದು ಆಗಲೇ ದೊಡ್ಡವರಾಗಿದ್ದ ಹೆಂಗಸರು ನೆನಪು ಮಾಡಿಕೊಂಡು ಹೇಳಿದ್ದು. ಈಗಿನ ಪಟ್ಟಣದ, ಉಂಡು ತಿಂದು ಬೆಳೆದ ಹುಡುಗಿಯರಿಗೆ ಅದಕ್ಕಿಂತ ಬೇಗ, 12ರಿಂದ 13ರ ನಡುವೆ ಆಗುವುದೇ ಜಾಸ್ತಿ.

ನಮ್ಮ ಅಜ್ಜಿ ಹದಿನಾರಕ್ಕೆ ಆಯಿತು ಅಂತಿದ್ದರು. ಈಗ ಹನ್ನೊಂದಕ್ಕೇ ಆಗ್ತಿದೆ. ಕಾಲ ಅಷ್ಟು ಕೆಟ್ಟಿತಾ?

ಮೊದಲು ಅಜ್ಜಿಯ ಲೆಕ್ಕದ ಬಗ್ಗೆ ಒಂದು ಮಾತು. ನಮ್ಮ ಕಡೆ ಹಳೇ ಕಾಲದವರಲ್ಲಿ ಎಷ್ಟು ಜನರಿಗೆ ನಿಜವಾದ ಹುಟ್ಟಿದ ದಿನ ಗೊತ್ತಿತ್ತು ಹೇಳಿ? ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರೆ ಮುಗಿಯಿತು. ಮಳೆ, ಬರ, ಜಾತ್ರೆ ಇಟ್ಟುಕೊಂಡು ಎಣಿಸಿದ ವಯಸ್ಸಿನಲ್ಲಿ ಒಂದೆರಡು ವರ್ಷ ಹೆಚ್ಚು ಕಡಿಮೆ ಇದ್ದೇ ಇರುತ್ತದೆ.

ಮೇಲೆ ಹೇಳಿದ ಸಮೀಕ್ಷೆಯನ್ನೇ ನೋಡಿ. 1955ರಿಂದ 1964ರ ನಡುವೆ ಹುಟ್ಟಿದವರ ಸರಾಸರಿ 13.83 ವರ್ಷ. 1985ರಿಂದ 1989ರ ನಡುವೆ ಹುಟ್ಟಿದವರದು 13.62. ಅಂದರೆ ಹೆಚ್ಚುಕಡಿಮೆ ಒಂದು ತಲೆಮಾರಿನಲ್ಲಿ ಇಳಿದದ್ದು ಎರಡೂವರೆ ತಿಂಗಳು. ದೇಶದ ಒಟ್ಟು ಸರಾಸರಿಯ ಮಾತು ಇದು. ಊರು, ಮನೆ, ಊಟ ಬದಲಾದಂತೆ ಇದೂ ಬದಲಾಗುತ್ತದೆ.

ದೊಡ್ಡ ಇಳಿಕೆ ಕಂಡದ್ದು ಯುರೋಪಿನಲ್ಲಿ. ನಾರ್ವೆಯಲ್ಲಿ 19ನೇ ಶತಮಾನದ ನಡುವೆ 16 ದಾಟಿದ ಮೇಲೆ ಆಗುತ್ತಿದ್ದದ್ದು, 20ನೇ ಶತಮಾನದ ನಡುವಿನ ಹೊತ್ತಿಗೆ 13ರ ಹತ್ತಿರ ಬಂತು. ಜಪಾನಿನಲ್ಲಿ ಯುದ್ಧದ ಕಾಲದಲ್ಲಿ ಬೆಳೆದ ಹುಡುಗಿಯರಿಗೆ 15ರ ಆಸುಪಾಸು ಆಗುತ್ತಿತ್ತು. 1970ರ ದಶಕಕ್ಕೆ ಅದು 13ರ ಒಳಗೆ ಇಳಿಯಿತು. ಅಲ್ಲೆಲ್ಲ ಕಾಲ ಕೆಟ್ಟಿರಲಿಲ್ಲ. ಹೊಟ್ಟೆ ತುಂಬ ಊಟ ಬಂತು, ಶುದ್ಧ ನೀರು ಬಂತು, ಮಕ್ಕಳಿಗೆ ಕಾಯಿಲೆ ಕಡಿಮೆಯಾಯಿತು. ಬೇಗ ಮೈನೆರೆಯುವುದು ಎಷ್ಟೋ ಸಲ ಒಳ್ಳೆಯ ಸುದ್ದಿಯ ಗುರುತು. ಇದನ್ನು ಹೇಳಿದರೆ ಅಮ್ಮಂದಿರು ನಂಬುವುದಿಲ್ಲ!

ಹಾಗಾದರೆ ಚಿಂತೆ ಮಾಡುವಂಥದ್ದು ಏನೂ ಇಲ್ವಾ?

ಒಂದು ವಿಷಯ ಇದೆ. ಮುಟ್ಟು ಅನ್ನುವುದು ಈ ಪಯಣದ ಕೊನೆಯ ಕಡೆಯ ಸ್ಟಾಪು, ಮೊದಲನೆಯದಲ್ಲ. ಮೊದಲು ಎದೆಯಲ್ಲಿ ಸಣ್ಣ ಗಂಟಿನಂತೆ ಕಾಣಿಸುತ್ತದೆ, ಮುಟ್ಟಿದರೆ ನೋಯುತ್ತದೆ. ಆಮೇಲೆ ಕೂದಲು. ಆಮೇಲೆ ಸರಸರ ಎತ್ತರ ಬೆಳೆಯುತ್ತಾಳೆ, ಚಪ್ಪಲಿ ಆರು ತಿಂಗಳಿಗೆ ಚಿಕ್ಕದಾಗುತ್ತದೆ. ಬಿಳಿ ಹೋಗಲು ಶುರುವಾಗುತ್ತದೆ. ಎದೆ ಗಂಟು ಕಂಡ ಎರಡು, ಎರಡೂವರೆ ವರ್ಷಕ್ಕೆ ಮುಟ್ಟು.

ಈ ಮೊದಲ ಸ್ಟಾಪು ಬಲು ಬೇಗ ಹಿಂದಕ್ಕೆ ಸರಿಯುತ್ತಿದೆ. ಡೆನ್ಮಾರ್ಕಿನ ಸಂಶೋಧಕರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ 2020ರಲ್ಲಿ ಲೆಕ್ಕ ಕೊಟ್ಟರು. 1977ರಿಂದ 2013ರವರೆಗೆ, ಎದೆ ಬೆಳೆಯಲು ಶುರುವಾಗುವ ವಯಸ್ಸು ಹತ್ತು ವರ್ಷಕ್ಕೆ ಸುಮಾರು ಮೂರು ತಿಂಗಳಂತೆ ಇಳಿದಿದೆ. ಮುಟ್ಟಿನ ವಯಸ್ಸು ಅಷ್ಟು ಜೋರಾಗಿ ಇಳಿದಿಲ್ಲ. ಹಾಗಾಗಿ ನಿಮ್ಮ ಮಗಳ ಎದೆ ಒಂಬತ್ತಕ್ಕೇ ಬೆಳೆಯಿತು ಅಂದ ಮಾತ್ರಕ್ಕೆ ಮುಂದಿನ ತಿಂಗಳೇ ಮುಟ್ಟಾಗುತ್ತಾಳೆ ಅಂದುಕೊಳ್ಳಬೇಡಿ. ನೋಡಬೇಕಾದದ್ದು ತಾರೀಖನ್ನಲ್ಲ, ಒಂದು ಸ್ಟಾಪಿನಿಂದ ಇನ್ನೊಂದಕ್ಕೆ ಎಷ್ಟು ಬೇಗ ಓಡುತ್ತಿದೆ ಅನ್ನುವುದನ್ನು.

ಈಗ ಶುರು ಮಾಡಬೇಕು ಅಂತ ದೇಹಕ್ಕೆ ಹೇಗೆ ಗೊತ್ತಾಗುತ್ತದೆ?

ನನಗೆ ಪಾಠ ಮಾಡಲು ತುಂಬ ಇಷ್ಟವಾದ ಭಾಗ ಇದು. ಮೆದುಳಿನ ಬುಡದಲ್ಲಿ ಹೈಪೋಥಲಮಸ್ ಅನ್ನುವ ಚಿಕ್ಕ ಜಾಗ ಇದೆ. ಅಲ್ಲಿಂದ ಹೊರಡುವ ಹಾರ್ಮೋನು ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ. ಅದು ಅಂಡಾಶಯವನ್ನು ಎಬ್ಬಿಸುತ್ತದೆ. ಅಂಡಾಶಯ ಈಸ್ಟ್ರೋಜನ್ ಬಿಡುತ್ತದೆ. ಈ ಸಾಲು ಹುಟ್ಟಿದ ಕೆಲವು ತಿಂಗಳು ಎಚ್ಚರ ಇದ್ದು, ಆಮೇಲೆ ಏಳೆಂಟು ವರ್ಷ ಮಲಗಿಬಿಡುತ್ತದೆ. ಮತ್ತೆ ಎಬ್ಬಿಸುವವರು ಯಾರು?

ಅದರಲ್ಲಿ ಮುಖ್ಯವಾದದ್ದು ಕಿಸ್‌ಪೆಪ್ಟಿನ್ ಅನ್ನುವ ವಸ್ತು. ಇದರ ಜೀನ್ ಸಿಕ್ಕಿದ್ದು 1996ರಲ್ಲಿ, ಅಮೆರಿಕದ ಹರ್ಷಿ ಊರಿನಲ್ಲಿ, ಕ್ಯಾನ್ಸರ್ ಸಂಶೋಧನೆ ಮಾಡುತ್ತಿದ್ದವರಿಗೆ. ಆ ಊರು ಕಿಸಸ್ ಅನ್ನುವ ಚಾಕೊಲೇಟಿಗೆ ಪ್ರಸಿದ್ಧಿ. ಹೆಸರು ಅಲ್ಲಿಂದ ಬಂತು. ಮುತ್ತಿಗೂ ಇದಕ್ಕೂ ಸಂಬಂಧ ಇಲ್ಲ, ಹಿಂದಿನ ಬೆಂಚಿನವರು ನಗಬೇಕಾಗಿಲ್ಲ ಅಂತ ಪ್ರತಿ ವರ್ಷ ಹೇಳುತ್ತಿದ್ದೆ. 2003ರಲ್ಲಿ ಗೊತ್ತಾದದ್ದೇನೆಂದರೆ, ಕಿಸ್‌ಪೆಪ್ಟಿನ್‌ನ ಸಂದೇಶ ಹಿಡಿಯುವ ಭಾಗ ಕೆಟ್ಟಿದ್ದರೆ ಹುಡುಗ ಹುಡುಗಿಯರು ಪ್ರಾಯಕ್ಕೆ ಬರುವುದೇ ಇಲ್ಲ.

ಇನ್ನೊಂದು ಸಂದೇಶ ಕೊಬ್ಬಿನಿಂದ ಬರುತ್ತದೆ. 1970ರಲ್ಲಿ ಅಮೆರಿಕದ ಸಂಶೋಧಕರಾದ ರೋಸ್ ಫ್ರಿಶ್ ಮತ್ತು ರೋಜರ್ ರೆವೆಲ್ ಒಂದು ವಾದ ಮುಂದಿಟ್ಟರು. ಹುಡುಗಿಯ ತೂಕ ಸುಮಾರು 47 ಕಿಲೋ ಮುಟ್ಟಿದಾಗ ಮುಟ್ಟು ಶುರುವಾಗುತ್ತದೆ ಅಂತ. ಒಂದೇ ತೂಕ ಎಲ್ಲರಿಗೂ ಹೊಂದುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಆದರೆ ಒಳಗಿನ ವಿಚಾರ ಸುಳ್ಳಾಗಲಿಲ್ಲ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಹಾರ್ಮೋನನ್ನು ಕಂಡುಹಿಡಿಯಿತು. ಇದು ಕೊಬ್ಬಿನ ಕೋಶಗಳಿಂದ ಬಂದು, "ಉಗ್ರಾಣದಲ್ಲಿ ದಿನಸಿ ಇದೆ, ಧೈರ್ಯವಾಗಿ ಮುಂದುವರಿ" ಅಂತ ಮೆದುಳಿಗೆ ತಿಳಿಸುತ್ತದೆ. ಉಗ್ರಾಣ ಖಾಲಿ ಇದ್ದರೆ ದೇಹ ಆ ಕೆಲಸ ಮುಂದೂಡುತ್ತದೆ. ಒಂದು ಬಸಿರು, ಒಂದು ಬಾಣಂತನಕ್ಕೆ ಎಷ್ಟು ಶಕ್ತಿ ಬೇಕು ಅಂತ ನೆನಪು ಮಾಡಿಕೊಂಡರೆ ಇದು ಜಾಣ ಲೆಕ್ಕ.

ನನಗೆ ಆದ ವಯಸ್ಸಿಗೇ ಮಗಳಿಗೂ ಆಗುತ್ತದಾ?

ಹತ್ತಿರ ಹತ್ತಿರ, ಎಷ್ಟೋ ಸಲ. ವಯಸ್ಸಿನ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವಂಶದಿಂದಲೇ ಬರುತ್ತದೆ. ಒಂದೇ ತತ್ತಿಯಿಂದ ಹುಟ್ಟಿದ ಅವಳಿಗಳಿಗೆ ಕೆಲವೇ ತಿಂಗಳ ಅಂತರದಲ್ಲಿ ಆಗುತ್ತದೆ. ಬೇರೆ ಬೇರೆ ತತ್ತಿಯ ಅವಳಿಗಳಲ್ಲಿ, ಸಾಮಾನ್ಯ ಅಕ್ಕ ತಂಗಿಯರಲ್ಲಿ ಅಂತರ ಹೆಚ್ಚು. ಆದರೆ ಇದಕ್ಕೆ ಒಂದೇ ಜೀನ್ ಅಂತ ಇಲ್ಲ. ಸಾವಿರಕ್ಕೂ ಜಾಸ್ತಿ ಸಣ್ಣ ಸಣ್ಣ ಗುರುತುಗಳು ಸಿಕ್ಕಿವೆ. ಒಂದೊಂದೂ ಕೆಲವು ದಿನ, ಕೆಲವು ವಾರ ಹಿಂದೆ ಮುಂದೆ ಮಾಡುತ್ತದೆ.

ಎಲ್ಲರೂ ತಾಯಿಯನ್ನೇ ಕೇಳುತ್ತಾರೆ. ಅಪ್ಪನನ್ನು ಯಾರೂ ಕೇಳುವುದಿಲ್ಲ. 2013ರಲ್ಲಿ ಎಂಕೆಆರ್‌ಎನ್3 ಅನ್ನುವ ಜೀನಿನ ವಿಷಯ ಹೊರಬಂತು. ಇದು ಮಗುವಿನ ಮೈಯಲ್ಲಿ ಬ್ರೇಕ್ ಇದ್ದ ಹಾಗೆ. ಇದರಲ್ಲಿ ಅಪ್ಪನಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುತ್ತದೆ, ಅಮ್ಮನಿಂದ ಬಂದದ್ದು ಸುಮ್ನೆ ಕೂತಿರುತ್ತದೆ. ಅಪ್ಪನ ಪ್ರತಿಯಲ್ಲಿ ದೋಷ ಇದ್ದರೆ ಮಗು ತೀರಾ ಬೇಗ ಪ್ರಾಯಕ್ಕೆ ಬರುತ್ತದೆ. ಇದು ಅಪರೂಪ. ಆದರೆ "ನಿನ್ನ ಕಡೆಯಿಂದಲೇ ಬಂದದ್ದು" ಅಂತ ಸೊಸೆಯ ಮೇಲೆ ಹಾಕುವ ಅತ್ತೆಯರಿಗೆ ಹೇಳಲು ಒಳ್ಳೆಯ ವಿಷಯ, ಅಲ್ವಾ?

ದಪ್ಪ ಇರುವ ಮಕ್ಕಳಿಗೆ ಬೇಗ ಆಗುತ್ತದೆ ಅನ್ನುವುದು ನಿಜವಾ?

ನಿಜ. ಲೆಪ್ಟಿನ್ ವಿಷಯ ಮೇಲೆ ಹೇಳಿದೆನಲ್ಲ, ಅದೇ ದಾರಿ. ಐದಾರು ವರ್ಷಕ್ಕೇ ತೂಕ ಏರುತ್ತಾ ಹೋದ ಹುಡುಗಿಯರಲ್ಲಿ ಇದು ಹೆಚ್ಚು ಕಾಣುತ್ತದೆ. ಹಾಗಂತ ದಪ್ಪ ಇರುವವರಿಗೆಲ್ಲ ಬೇಗ, ತೆಳ್ಳಗಿರುವವರಿಗೆಲ್ಲ ತಡ ಅಂತಲ್ಲ.

ಸಿಹಿ ಪಾನೀಯದ ಬಗ್ಗೆ ಅಮೆರಿಕದಲ್ಲಿ ಮಾಡಿದ ಅಧ್ಯಯನ 2015ರಲ್ಲಿ ಬಂತು. ದಿನಕ್ಕೆ ಒಂದೂವರೆ ಲೋಟಕ್ಕಿಂತ ಹೆಚ್ಚು ಸಕ್ಕರೆ ಪಾನೀಯ ಕುಡಿಯುವ ಹುಡುಗಿಯರಿಗೆ, ವಾರಕ್ಕೆ ಎರಡಕ್ಕಿಂತ ಹೆಚ್ಚು ಕುಡಿಯದವರಿಗಿಂತ ಹತ್ತಿರ ಹತ್ತಿರ ಮೂರು ತಿಂಗಳು ಬೇಗ ಮುಟ್ಟು ಬಂತು. ಮೂರು ತಿಂಗಳು ದೊಡ್ಡ ವಿಷಯವಲ್ಲ. ಆದರೆ ದಿನಾ ಬಾಟಲಿ ಕೂಲ್ ಡ್ರಿಂಕ್ಸ್ ಕೊಡಿಸುವುದು ಬೇರೆ ಕಾರಣಗಳಿಗೂ ಬೇಡ. ಜರ್ಮನಿಯ ಡಾರ್ಟ್‌ಮಂಡಿನಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದವರು, ಐದಾರನೇ ವಯಸ್ಸಿನಲ್ಲಿ ಪ್ರಾಣಿಜನ್ಯ ಪ್ರೋಟೀನ್ ಜಾಸ್ತಿ ತಿಂದವರಿಗೆ ಸ್ವಲ್ಪ ಬೇಗ, ಬೇಳೆಕಾಳಿನಂಥ ಪ್ರೋಟೀನ್ ತಿಂದವರಿಗೆ ಸ್ವಲ್ಪ ತಡ ಅಂತ ಕಂಡರು. ಇದನ್ನು ಓದಿ ಮಗಳಿಗೆ ಮೊಟ್ಟೆ ನಿಲ್ಲಿಸಬೇಡಿ. ನಮ್ಮ ಕಡೆ ಹೆಚ್ಚಿನ ಮಕ್ಕಳಿಗೆ ಪ್ರೋಟೀನ್ ಕಡಿಮೆಯೇ ಹೊರತು ಜಾಸ್ತಿಯಲ್ಲ.

ಇನ್ನೊಂದು ವಿಷಯ ನಮ್ಮ ದೇಶಕ್ಕೆ ಮುಖ್ಯ. ಇಲ್ಲಿ ನೂರಕ್ಕೆ ಸುಮಾರು 18 ಮಕ್ಕಳು ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟುತ್ತಾರೆ. ಹೀಗೆ ಸಣ್ಣಗೆ ಹುಟ್ಟಿ, ಆಮೇಲೆ ಎರಡು ಮೂರು ವರ್ಷದಲ್ಲಿ ಗಬಗಬನೆ ತೂಕ ಏರಿಸಿಕೊಂಡ ಮಕ್ಕಳಿಗೆ ಬೇಗ ಮುಟ್ಟು ಬರುವುದು ಜಾಸ್ತಿ. "ಪಾಪ ಸಣ್ಣಗಿದೆ" ಅಂತ ತುಪ್ಪ, ಬಿಸ್ಕತ್ತು, ಡಬ್ಬದ ಪುಡಿ ಎಲ್ಲ ತುರುಕುವ ಅಜ್ಜಿಯರಿಗೆ ಇದನ್ನು ಮೆಲ್ಲಗೆ ಹೇಳಬೇಕು.

ಬ್ರಾಯ್ಲರ್ ಕೋಳಿ ತಿಂದರೆ ಬೇಗ ದೊಡ್ಡವರಾಗುತ್ತಾರಂತೆ?

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದೇ. ಮಾಂಸ ಮುಟ್ಟದ ಮನೆಯವರೂ ಕೇಳಿದ್ದಾರೆ, ಪಕ್ಕದ ಮನೆಯವರ ಪರವಾಗಿ.

ಬ್ರಾಯ್ಲರ್ ಕೋಳಿ ಐದಾರು ವಾರಕ್ಕೆ ಎರಡು ಕಿಲೋ ಆಗುವುದನ್ನು ನೋಡಿದರೆ ಅನುಮಾನ ಬರುವುದು ಸಹಜ. ಆದರೆ ಅದು ಹಾಗೆ ಬೆಳೆಯುವುದು ಎಷ್ಟೋ ತಲೆಮಾರು ಆರಿಸಿ ಆರಿಸಿ ಬೆಳೆಸಿದ ತಳಿ ಮತ್ತು ಲೆಕ್ಕ ಹಾಕಿ ಕೊಡುವ ಆಹಾರದಿಂದ. ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನ್. ಮೇವಿನಲ್ಲಿ ಬೆರೆಸಿದರೆ ಕೋಳಿಯ ಹೊಟ್ಟೆಯಲ್ಲೇ ಅರಗಿಹೋಗುತ್ತದೆ. ಫಾರಂನಲ್ಲಿರುವ ಸಾವಿರಾರು ಕೋಳಿಗೆ ಒಂದೊಂದಾಗಿ ಹಿಡಿದು ಸೂಜಿ ಚುಚ್ಚುತ್ತಾ ಕೂತರೆ ಮಾಲೀಕ ವಾರದಲ್ಲಿ ಫಾರಂ ಮುಚ್ಚಬೇಕಾಗುತ್ತದೆ. ಕೋಳಿ ಸಾಕಣೆಯಲ್ಲಿ ಆಂಟಿಬಯಾಟಿಕ್ ದುರ್ಬಳಕೆ ನಿಜವಾದ ಸಮಸ್ಯೆ. ಅದರ ಬಗ್ಗೆ ಯಾರೂ ನನ್ನನ್ನು ಕೇಳುವುದಿಲ್ಲ.

ಈ ಭಯಕ್ಕೆ ಹಳೆಯ ಬೇರು ಇದೆ. 1970ರ ದಶಕದ ಕೊನೆಗೆ ಇಟಲಿಯ ಮಿಲಾನಿನ ಒಂದು ಶಾಲೆಯಲ್ಲಿ ಎಷ್ಟೋ ಮಕ್ಕಳಿಗೆ ಎದೆ ಊದಿಕೊಂಡಿತು. ಶಾಲೆಯ ಊಟದ ಮಾಂಸದಲ್ಲಿ ಈಸ್ಟ್ರೋಜನ್ ಇತ್ತು ಅಂತ ಅನುಮಾನ ಬಂತು. ಸಾಬೀತು ಮಾಡಲು ಆಗಲಿಲ್ಲ. ಕೆಲವು ತಿಂಗಳಲ್ಲಿ ಮಕ್ಕಳು ಸರಿಹೋದರು. ಕಥೆ ಮಾತ್ರ ದೇಶ ದೇಶ ತಿರುಗಿತು.

ಹಾಗಾದರೆ ಹಾಲಿಗೆ ಹಾಕುವ ಇಂಜೆಕ್ಷನ್?

ಹಸು, ಎಮ್ಮೆಗೆ ಹಾಲು ಸೊರೆಯಲೆಂದು ಆಕ್ಸಿಟೋಸಿನ್ ಚುಚ್ಚುವವರು ಇದ್ದಾರೆ, ಇದು ಸುಳ್ಳಲ್ಲ. ಆ ದುರ್ಬಳಕೆ ತಡೆಯಲೆಂದೇ ಕೇಂದ್ರ ಸರ್ಕಾರ 2018ರಲ್ಲಿ ದೇಶದೊಳಗೆ ಮಾರುವ ಆಕ್ಸಿಟೋಸಿನ್ ತಯಾರಿಕೆಯನ್ನು ಒಂದೇ ಕಂಪನಿಗೆ ಕೊಡಲು ಹೊರಟಿತು. ಅದು ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್. ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲಿಸಲು ಇದೇ ಔಷಧಿ ಬೇಕು, ಕೊರತೆಯಾದರೆ ಬಾಣಂತಿಯರ ಜೀವಕ್ಕೆ ಅಪಾಯ ಅನ್ನುವ ತಕರಾರು ಎದ್ದಿತು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು.

ಆದರೆ ಹಾಲು ಕುಡಿದ ಹುಡುಗಿಗೆ ಇದರಿಂದ ಬೇಗ ಮುಟ್ಟು ಬರುತ್ತದಾ? ಇಲ್ಲ. ಆಕ್ಸಿಟೋಸಿನ್ ಹೆರಿಗೆ ಮತ್ತು ಹಾಲಿನ ಹಾರ್ಮೋನು, ಮೈನೆರೆಯುವ ಹಾರ್ಮೋನಲ್ಲ. ಜೊತೆಗೆ ಅದು ಬಾಯಿಯ ಮೂಲಕ ಹೋದರೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಇಲ್ಲಿ ಪಾಪ ಅನ್ನಿಸಬೇಕಾದದ್ದು ಹಸುವನ್ನು ಕಂಡು.

ಎಳ್ಳು, ಪಪ್ಪಾಯಿ, ಹಲಸು "ಉಷ್ಣ" ಅಂತ ಕೊಡುವುದಿಲ್ಲ. ಸರಿಯಾ?

ಯಾವುದರಿಂದಲೂ ಮುಟ್ಟು ಬೇಗ ಬರುವುದಿಲ್ಲ. ತಮಾಷೆ ನೋಡಿ, ಮೈನೆರೆಯುವವರೆಗೆ ಎಳ್ಳು ಬೇಡ ಅನ್ನುವ ಮನೆಯಲ್ಲೇ, ನೆರೆದ ದಿನ ಎಳ್ಳು ಬೆಲ್ಲದ ಚಿಗಳಿ ಉಂಡೆ ಬಾಯಿಗೆ ತುರುಕುತ್ತಾರೆ. ಎರಡೂ ಕಾಲದಲ್ಲಿ ಕೊಡಿ.

ಬಿಸಿಲೂರಿನ ಹುಡುಗಿಯರಿಗೆ ಬೇಗ ಆಗುತ್ತದಾ?

ಬಳ್ಳಾರಿಗೆ ಬೇಗ, ಮಡಿಕೇರಿಗೆ ತಡ ಅಂತ ಇಲ್ಲ. ಈ ನಂಬಿಕೆಯನ್ನು ಜಾಸ್ತಿ ಹಬ್ಬಿಸಿದವರು ಯುರೋಪಿನವರು. ಬಿಸಿಲಿನ ದೇಶದ ಹುಡುಗಿಯರು ಎಂಟು ಒಂಬತ್ತಕ್ಕೇ ಮದುವೆಗೆ ತಯಾರು ಅಂತ 18ನೇ ಶತಮಾನದಲ್ಲೇ ಫ್ರಾನ್ಸಿನ ಮೊಂಟೆಸ್ಕ್ಯೂ ಬರೆದ. ಆತ ಈ ಕಡೆ ಬಂದವನೇ ಅಲ್ಲ. 19ನೇ ಶತಮಾನದಲ್ಲಿ ಮ್ಯಾಂಚೆಸ್ಟರಿನ ಜಾನ್ ರಾಬರ್ಟನ್ ಅನ್ನುವ ಸರ್ಜನ್ ಬೇರೆ ಬೇರೆ ದೇಶಗಳಿಂದ, ಭಾರತದಿಂದಲೂ, ವಯಸ್ಸಿನ ಲೆಕ್ಕ ತರಿಸಿ, ಹವೆಯಿಂದ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ ಅಂತ ವಾದಿಸಿದ. ಹವೆಗಿಂತ ಊಟವೇ ಮುಖ್ಯ. ತೀರಾ ಎತ್ತರದ ಬೆಟ್ಟದ ಸೀಮೆಯಲ್ಲಿ, ಟಿಬೆಟ್‌ನಂಥ ಕಡೆ, ತಡ ಆಗುವುದು ಕಂಡಿದೆ. ನಮ್ಮ ಕೊಡಗು ಅಷ್ಟು ಎತ್ತರ ಅಲ್ಲ.

ತಡ ಆಗಲು ಏನು ಕಾರಣ?

ಹಸಿವು, ದೀರ್ಘ ಕಾಯಿಲೆ, ಅತಿಯಾದ ದೈಹಿಕ ಶ್ರಮ. ಯುದ್ಧ ನಡೆದಲ್ಲೆಲ್ಲ ಹುಡುಗಿಯರಿಗೆ ತಡವಾಗಿದೆ. ಚಿಕ್ಕಂದಿನಿಂದ ಕಠಿಣ ತರಬೇತಿ ಮಾಡುವ ಜಿಮ್ನಾಸ್ಟಿಕ್ಸ್, ಬ್ಯಾಲೆ ಹುಡುಗಿಯರಿಗೂ ಅಷ್ಟೆ. ಮುಟ್ಟಿಗೆ ಮೊದಲು ತರಬೇತಿ ಮಾಡಿದ ಪ್ರತಿ ವರ್ಷಕ್ಕೆ ಸುಮಾರು ಐದು ತಿಂಗಳು ತಡವಾಗುತ್ತದೆ ಅಂತ ಮೇಲೆ ಹೇಳಿದ ರೋಸ್ ಫ್ರಿಶ್ 1981ರಲ್ಲಿ ಲೆಕ್ಕ ಕೊಟ್ಟರು. ಶಾಲೆಯ ಖೋಖೋ, ಕಬಡ್ಡಿ, ವಾರಕ್ಕೆರಡು ದಿನದ ಭರತನಾಟ್ಯ ಅಷ್ಟು ಕಠಿಣವಲ್ಲ. ಅದನ್ನು ನೆಪ ಮಾಡಿ ಆಟ ಬಿಡಿಸಬೇಡಿ. ಥಲಸ್ಸೇಮಿಯಾ, ಥೈರಾಯ್ಡ್, ಕರುಳಿನ ಕಾಯಿಲೆ, ಕೆಲವು ಹುಟ್ಟಿನಿಂದ ಬಂದ ತೊಂದರೆಗಳೂ ಕಾರಣ ಇರಬಹುದು.

ಪ್ಲಾಸ್ಟಿಕ್ ಡಬ್ಬಿ, ಕ್ರೀಮು, ಕೀಟನಾಶಕ?

ಇದನ್ನು ನಾನು ಕೋಳಿಯಂತೆ ತಳ್ಳಿಹಾಕುವುದಿಲ್ಲ. 1973ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಬೆಂಕಿ ಹತ್ತದಂತೆ ವಸ್ತುಗಳಿಗೆ ಬೆರೆಸುವ ಪಿಬಿಬಿ ಅನ್ನುವ ರಾಸಾಯನಿಕದ ಚೀಲಗಳು ತಪ್ಪಿ ಹಸುವಿನ ಮೇವಿನ ಗಿರಣಿಗೆ ಹೋದವು. ಗೊತ್ತಾಗುವ ಹೊತ್ತಿಗೆ ಜನ ಆ ಹಾಲು, ಮಾಂಸ ತಿಂದಾಗಿತ್ತು. ಆಗ ಬಸುರಿಯಾಗಿದ್ದು, ಮೈಯಲ್ಲಿ ಈ ರಾಸಾಯನಿಕ ಜಾಸ್ತಿ ಇದ್ದು, ಆಮೇಲೆ ಎದೆಹಾಲು ಕುಡಿಸಿದ ತಾಯಂದಿರ ಹೆಣ್ಣುಮಕ್ಕಳು ಸರಾಸರಿ 11.6 ವರ್ಷಕ್ಕೇ ಮೈನೆರೆದರು. ಉಳಿದವರಿಗಿಂತ ಆರು ತಿಂಗಳಿಂದ ಒಂದು ವರ್ಷ ಬೇಗ. ಒಂದು ತಲೆಮಾರಿಗೆ ಬಿದ್ದ ವಿಷ ಮುಂದಿನ ತಲೆಮಾರಿನ ಗಡಿಯಾರ ತಿರುಗಿಸಿತು.

ಕ್ಯಾಲಿಫೋರ್ನಿಯಾದ ಸಲೀನಸ್ ಕಣಿವೆಯಲ್ಲಿ ಹೊಲದ ಕೆಲಸದವರ ಕುಟುಂಬಗಳನ್ನು ಬಸುರಿನಿಂದಲೇ ಹಿಂಬಾಲಿಸಿದ ಅಧ್ಯಯನದಲ್ಲೂ, ಸುಗಂಧದ ಕ್ರೀಮು, ಸೋಪುಗಳಲ್ಲಿ ಬಳಸುವ ಕೆಲವು ರಾಸಾಯನಿಕ ತಾಯಿಯ ಮೈಯಲ್ಲಿ ಜಾಸ್ತಿ ಇದ್ದರೆ ಮಗಳು ಸ್ವಲ್ಪ ಬೇಗ ಪ್ರಾಯಕ್ಕೆ ಬರುವುದು ಕಂಡಿತು. ಹಾಗಾಗಿ ಬಿಸಿ ಸಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ತರುವುದು ಬಿಡಿ. ಮಗುವಿಗೆ ಮೇಕಪ್ ಸಾಮಾನು ಬೇಡ. ಸೀಸ ಮಾತ್ರ ಉಲ್ಟಾ, ಮೈಯಲ್ಲಿ ಸೀಸ ಜಾಸ್ತಿ ಇದ್ದರೆ ಮುಟ್ಟು ತಡವಾಗುತ್ತದೆ.

ಮನೆಯ ಜಗಳ, ಟಿವಿ, ಮೊಬೈಲಿನಿಂದ ಹೀಗಾಗುತ್ತದಾ?

ಸಿನಿಮಾದ ಪ್ರೀತಿ ದೃಶ್ಯ ನೋಡಿ ಯಾರೂ ಮೈನೆರೆಯುವುದಿಲ್ಲ. ಮೊಬೈಲ್ ಹಿಡಿದು ಕೂತರೆ ಆಟ ಇಲ್ಲ, ನಿದ್ದೆ ಇಲ್ಲ, ತೂಕ ಏರುತ್ತದೆ. ಅದು ಬೇರೆ ದಾರಿಯಲ್ಲಿ ಬರುತ್ತದೆ. 2020ರ ಲಾಕ್‌ಡೌನ್ ಕಾಲದಲ್ಲಿ ಇಟಲಿ, ಟರ್ಕಿ, ನಮ್ಮ ಪುಣೆಯ ಮಕ್ಕಳ ಡಾಕ್ಟರರು ತೀರಾ ಬೇಗ ಪ್ರಾಯಕ್ಕೆ ಬಂದ ಹುಡುಗಿಯರು ಜಾಸ್ತಿ ಬರುತ್ತಿದ್ದಾರೆ ಅಂತ ವರದಿ ಮಾಡಿದರು. ಆಟ ನಿಂತದ್ದಾ, ಆತಂಕವಾ, ಮನೆಯಲ್ಲೇ ಇದ್ದ ಅಮ್ಮಂದಿರ ಕಣ್ಣಿಗೆ ಬೇಗ ಬಿದ್ದದ್ದಾ? ಮೂರೂ ಸೇರಿರಬಹುದು.

ಚಿಕ್ಕಂದಿನ ಮಾನಸಿಕ ಒತ್ತಡ, ಅಪ್ಪ ಜೊತೆಗಿಲ್ಲದ ಮನೆ ಇವುಗಳ ಜೊತೆಗೂ ಸ್ವಲ್ಪ ಬೇಗ ಆಗುವುದು ತಳುಕು ಹಾಕಿಕೊಂಡಿದೆ. ಅದರ ಪರಿಣಾಮ ಕೆಲವು ತಿಂಗಳಷ್ಟೇ. ಒಬ್ಬಳೇ ಮಗಳನ್ನು ಸಾಕುತ್ತಿರುವ ತಾಯಿ ಇದನ್ನೂ ತನ್ನ ತಪ್ಪಿನ ಪಟ್ಟಿಗೆ ಸೇರಿಸಿಕೊಳ್ಳಬೇಕಾಗಿಲ್ಲ.

ನನ್ನನ್ನು ತುಂಬ ಕಾಡಿದ್ದು ಇನ್ನೊಂದು ಅಧ್ಯಯನ. ಭಾರತದಿಂದ ಸ್ವೀಡನ್ನಿಗೆ ದತ್ತು ಹೋದ ಸುಮಾರು ನೂರು ಹುಡುಗಿಯರ ಲೆಕ್ಕ 1991ರಲ್ಲಿ ಬಂತು. ಅವರಲ್ಲಿ ಅರ್ಧದಷ್ಟು ಮಂದಿ 11.6 ವರ್ಷದೊಳಗೇ ಮೈನೆರೆದಿದ್ದರು. ಒಬ್ಬಳಿಗೆ ಏಳು ದಾಟುತ್ತಲೇ ಆಗಿತ್ತು. ಇಲ್ಲಿಯೇ ಉಳಿದಿದ್ದರೆ ಅಷ್ಟು ಬೇಗ ಆಗುತ್ತಿರಲಿಲ್ಲ. ಸ್ವೀಡನ್ನಿನ ಹುಡುಗಿಯರಿಗೂ ಅಷ್ಟು ಬೇಗ ಆಗುವುದಿಲ್ಲ. ಮೊದಲ ವರ್ಷಗಳ ಹಸಿವು, ಆಮೇಲೆ ಇದ್ದಕ್ಕಿದ್ದಂತೆ ತುಂಬಿದ ತಟ್ಟೆ. ಯಾರು ಹೆಚ್ಚು ಕುಗ್ಗಿ ಹೋಗಿದ್ದರೋ, ಯಾರು ಬೇಗ ಬೆಳೆದು ಹಿಡಿದರೋ, ಅವರಿಗೇ ಎಲ್ಲರಿಗಿಂತ ಬೇಗ. ಮೊದಲೆರಡು ವರ್ಷದ ಊಟವನ್ನು ದೇಹ ಮರೆಯುವುದಿಲ್ಲ.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಎಂಟು ತುಂಬುವ ಮೊದಲೇ ಎದೆ ಬೆಳೆಯಲು ಶುರುವಾದರೆ. ಹತ್ತು ತುಂಬುವ ಮೊದಲೇ ಮುಟ್ಟಾದರೆ. ಎದೆ ಗಂಟು ಕಂಡ ಕೆಲವೇ ತಿಂಗಳಲ್ಲಿ ಎಲ್ಲ ಸರಸರ ನಡೆದುಹೋಗುತ್ತಿದ್ದರೆ. ಜೊತೆಗೆ ತಲೆನೋವು, ಕಣ್ಣು ಮಂಜು ಇದ್ದರೆ ಕಾಯಲೇಬೇಡಿ.

ಇನ್ನೊಂದು ತುದಿಯಲ್ಲಿ, 13ಕ್ಕೂ ಎದೆ ಬೆಳೆದಿಲ್ಲ, 15ಕ್ಕೂ ಮುಟ್ಟಿಲ್ಲ, ಅಥವಾ ಎದೆ ಬೆಳೆಯಲು ಶುರುವಾಗಿ ಮೂರು ವರ್ಷ ಆದರೂ ಮುಟ್ಟಿಲ್ಲ ಅಂದರೆ ತೋರಿಸಿ. ಮೈಯೆಲ್ಲ ಬೆಳೆದಿದೆ, ತಿಂಗಳಿಗೊಮ್ಮೆ ಹೊಟ್ಟೆ ಹಿಂಡುತ್ತದೆ, ರಕ್ತ ಮಾತ್ರ ಬರುವುದಿಲ್ಲ ಅಂದರೆ ಹದಿನೈದರವರೆಗೂ ಕಾಯಬೇಡಿ. ಒಳಗೆ ದಾರಿ ಮುಚ್ಚಿಕೊಂಡಿರಬಹುದು. ಸಣ್ಣ ಆಪರೇಷನ್ನಿನಲ್ಲಿ ಸರಿಹೋಗುವ ಸಾಧ್ಯತೆ ಹೆಚ್ಚು.

ಮೊದಲು ಮಕ್ಕಳ ಡಾಕ್ಟರ್ ಸಾಕು. ಬೇಕಿದ್ದರೆ ಅವರೇ ಹಾರ್ಮೋನ್ ಡಾಕ್ಟರ್ ಹತ್ತಿರ ಕಳಿಸುತ್ತಾರೆ. ಎಡಗೈ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡುತ್ತಾರೆ. ಕೆಲವರಿಗೆ ಮಾತ್ರ ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್ ಕೊಟ್ಟು ಪ್ರಾಯವನ್ನು ತಡೆದು ನಿಲ್ಲಿಸುತ್ತಾರೆ. ಇಂಜೆಕ್ಷನ್ ನಿಲ್ಲಿಸಿದಾಗ ಎಲ್ಲ ಮತ್ತೆ ಶುರುವಾಗುತ್ತದೆ. ಒಂಬತ್ತೂವರೆ, ಹತ್ತರ ಹುಡುಗಿಗೆ "ಇನ್ನೆರಡು ವರ್ಷ ಮುಂದಕ್ಕೆ ಹಾಕಿಕೊಡಿ" ಅಂತ ಕೇಳುವುದು ಬೇಡ. ಪರೀಕ್ಷೆ, ಹಬ್ಬ ನೋಡಿ ಕೊಡುವ ಮಾತ್ರೆ ಅಲ್ಲ ಅದು.

ಮುಟ್ಟಾದ ಮೇಲೆ ಎತ್ತರ ನಿಂತುಹೋಗುತ್ತದಾ?

ತಕ್ಷಣ ಅಲ್ಲ. ಜೋರಾಗಿ ಬೆಳೆಯುವುದು ಮುಟ್ಟಿಗೆ ಮೊದಲೇ ಮುಗಿದಿರುತ್ತದೆ. ಆಮೇಲೂ ಸಾಮಾನ್ಯವಾಗಿ 5ರಿಂದ 7 ಸೆಂಟಿಮೀಟರ್ ಬೆಳೆಯುತ್ತಾರೆ. ತೀರಾ ಬೇಗ ಪ್ರಾಯಕ್ಕೆ ಬಂದವರಲ್ಲಿ ಮೂಳೆ ಬೇಗ ಬಲಿತು ಎತ್ತರ ಕಡಿಮೆಯಾಗಬಹುದು. ಡಾಕ್ಟರರು ಇಂಜೆಕ್ಷನ್ ಕೊಡುವುದಕ್ಕೆ ಇದೂ ಒಂದು ಕಾರಣ.

ಮಗಳಿಗೆ ಮೊದಲೇ ಹೇಳಬೇಕಾ? ಹೇಳಿದರೆ ಹೆದರಿಕೊಳ್ಳಲ್ವಾ?

ಹೇಳದಿದ್ದರೆ ಹೆದರಿಕೊಳ್ಳುತ್ತಾಳೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಪುಟ್ಟ ಹುಡುಗಿ ಖೋಖೋ ಆಡಿ ಬಂದವಳು ಶೌಚಾಲಯದಲ್ಲೇ ಉಳಿದುಬಿಟ್ಟಳು. ಬಿದ್ದು ಒಳಗೆಲ್ಲೋ ಪೆಟ್ಟಾಗಿದೆ, ಹೇಳಿದರೆ ಆಟದಿಂದ ತೆಗೆಯುತ್ತಾರೆ ಅಂತ. ಎರಡು ಪೀರಿಯಡ್ಡು ಅಲ್ಲೇ ನಿಂತಿದ್ದಳು. ಶಾಲೆಯಲ್ಲಿ ಒಂದು ಪ್ಯಾಡ್ ಇರಲಿಲ್ಲ, ನಲ್ಲಿಯಲ್ಲಿ ನೀರೂ ಇರಲಿಲ್ಲ. ನನ್ನ ವೇಲ್ ಹರಿದು ಕೊಟ್ಟೆ. ಅವಳಿಗಿಂತ ನನಗೇ ಆವತ್ತು ನಾಚಿಕೆಯಾಯಿತು.

ಎದೆ ಗಂಟು ಕಂಡ ವಾರವೇ ಮಾತು ಶುರು ಮಾಡಿ. ಅದು ಕಾಣದಿದ್ದರೂ ನಾಲ್ಕನೇ ಕ್ಲಾಸು ಮುಗಿಯುವುದರೊಳಗೆ ಹೇಳಿ. ದೊಡ್ಡ ಭಾಷಣ ಬೇಡ. ಪ್ಯಾಡ್ ಬಿಚ್ಚಿ ತೋರಿಸಿ, ಅಂಟಿಸಲು ಹೇಳಿಕೊಡಿ, ಬ್ಯಾಗಿನ ಒಳಜೇಬಿನಲ್ಲಿ ಒಂದು ಜೊತೆ ಚಡ್ಡಿ, ಎರಡು ಪ್ಯಾಡ್ ಇಡಿ. ಮೊದಲ ಎರಡು ವರ್ಷ ತಿಂಗಳು ಸರಿಯಾಗಿ ಬರದೇ ಇರಬಹುದು ಅಂತಲೂ ಹೇಳಿ. ಅಪ್ಪನಿಗೂ ಗೊತ್ತಿರಲಿ. ಸರ್ಕಾರಿ ಶಾಲೆಯಾದರೆ ಶುಚಿ ಯೋಜನೆಯ ಪ್ಯಾಡ್ ಬರುತ್ತಿದೆಯಾ ಅಂತ ಕೇಳಿ ನೋಡಿ. ನಡುವೆ ಕೆಲವು ವರ್ಷ ನಿಂತಿತ್ತು. ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಿಂದ ಎಸೆಯದೆ ನುಂಗಲು ಹೇಳಿ.

ಆರತಿ ಮಾಡಬೇಕಾ?

ಮಗಳನ್ನು ಕೇಳಿ. ಸೋದರಮಾವ ತರುವ ಸೀರೆ, ಕೊಬ್ಬರಿ ಬೆಲ್ಲ, ನೆಂಟರ ಹಾಡು ಕೆಲವು ಹುಡುಗಿಯರಿಗೆ ಇಷ್ಟ. ಇಡೀ ಬೀದಿಗೆ ಗೊತ್ತಾಗುವುದು ಕೆಲವರಿಗೆ ಸಾಯುವಷ್ಟು ಮುಜುಗರ. ಗುಡ್ಲು ಹಾಕಿ ಹೊರಗೆ ಮಲಗಿಸುವುದಕ್ಕೆ ಮಾತ್ರ ನಾನು ಯಾವತ್ತೂ ಒಪ್ಪುವುದಿಲ್ಲ.

"ದೊಡ್ಡವಳಾದಳು, ಇನ್ನು ಗಂಡು ನೋಡಿ" ಅನ್ನುವವರು ಈಗಲೂ ಇದ್ದಾರೆ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ತುಂಬದ ಹೆಣ್ಣುಮಕ್ಕಳ ಮದುವೆ ನಿಷೇಧಿಸಿತ್ತು. ಎಂಟು! ಅವತ್ತು ಅದೇ ದೊಡ್ಡ ಸುಧಾರಣೆ. ಈಗ 18. ಕರ್ನಾಟಕದಲ್ಲಿ ಬಾಲ್ಯವಿವಾಹ ಮಾಡಿದರೂ ಅದು ಅಸಿಂಧು, ಕಾನೂನಿನ ಲೆಕ್ಕಕ್ಕೆ ಮದುವೆಯೇ ಅಲ್ಲ. ಹನ್ನೊಂದಕ್ಕೆ ಮುಟ್ಟಾದವಳ ಮನಸ್ಸು ಹನ್ನೊಂದರದ್ದೇ. ಅವಳಿಗೆ ಇನ್ನೂ ಕುಂಟೆಬಿಲ್ಲೆ ಆಡಬೇಕು.

ದೊಡ್ಡವಳಿಗೆ ಹನ್ನೊಂದಕ್ಕೆ ಆಯಿತು. ಚಿಕ್ಕವಳಿಗೂ ಅಷ್ಟಕ್ಕೇ ಆಗುತ್ತದಾ?

ಆಗಬಹುದು, ಒಂದು ವರ್ಷ ಆಚೀಚೆಯೂ ಆಗಬಹುದು. ಅಕ್ಕನ ಬ್ಯಾಗಿನಲ್ಲಿ ಏನಿಟ್ಟಿರೋ ಅದನ್ನೇ ತಂಗಿಯ ಬ್ಯಾಗಿನಲ್ಲೂ ಈಗಲೇ ಇಟ್ಟುಬಿಡಿ. ಹೇಳಿಕೊಡುವ ಕೆಲಸ ಅಕ್ಕನಿಗೇ ಬಿಡಿ. ನಿಮಗಿಂತ ಚೆನ್ನಾಗಿ ಹೇಳುತ್ತಾಳೆ.